ವಿಂಡೋಸ್ ಬಿಟ್ಟು ಲಿನಕ್ಸ್‌ಗೆ ಬರುವವರು ಯಾವ ಡೆಸ್ಕ್‌ಟಾಪ್ ಪರಿಸರವನ್ನು ಆರಿಸಿಕೊಳ್ಳಬೇಕು?

ಲಿನಕ್ಸ್‌ನಲ್ಲಿ ಟಾಸ್ಕ್‌ಬಾರ್, ಮೆನು, ಸೆಟ್ಟಿಂಗ್ಸ್, ಫೈಲ್ ಮ್ಯಾನೇಜರ್ ಇವೆಲ್ಲ ಸೇರಿದ ಡೆಸ್ಕ್‌ಟಾಪ್ ಪರಿಸರವು ಮೂಲ ವ್ಯವಸ್ಥೆಯಿಂದ ಬೇರೆಯಾದ ತಂತ್ರಾಂಶವಾಗಿರುವುದರಿಂದ, ಫೆಡೋರಾ ಅಥವಾ ಡೆಬಿಯನ್‌ನಂಥ ಒಂದೇ ಲಿನಕ್ಸ್ ವಿತರಣೆಯ (ಸ್ಥಾಪಿಸಲು ಸಿದ್ಧವಾಗಿ ಸಿಗುವ ಲಿನಕ್ಸ್‌ನ) ಮೇಲೆ ನಿಮಗೆ ಒಪ್ಪುವ ಪರಿಸರವನ್ನು ಹಾಕಿಕೊಳ್ಳಬಹುದು.

ವಿಂಡೋಸ್‌ನ ರೂಢಿಯನ್ನು ಬಿಡಲು ಮನಸ್ಸಿಲ್ಲದವರಿಗೆ ಲಿನಕ್ಸ್ ಮಿಂಟ್ ಎಂಬ ವಿತರಣೆಯ ತಂಡ ರೂಪಿಸಿದ ಸಿನಮನ್ ಸಾಕು. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಹೊಸದಾಗಿ ಕಲಿಯಬೇಕಾದದ್ದು ಅತ್ಯಲ್ಪ. ಕೆಡಿಇ ಪ್ಲಾಸ್ಮಾದ ವಿನ್ಯಾಸವೂ ಇಂಥದ್ದೇ, ಆದರೆ ಅದರಲ್ಲಿ ಬದಲಾಯಿಸಬಹುದಾದ ಅಂಶಗಳು ಎಷ್ಟಿವೆಯೆಂದರೆ ಕೆಲವರಿಗೆ ಅದೇ ತಲೆನೋವಾಗುತ್ತದೆ. ಗ್ನೋಮ್‌ನ ದಾರಿ ಬೇರೆ. 2011ರಲ್ಲಿ ಬಂದ ಮೂರನೆಯ ಆವೃತ್ತಿಯಿಂದೀಚೆಗೆ ಅದು ಹಳೆಯ ಮಾದರಿಯನ್ನು ಕೈಬಿಟ್ಟಿದ್ದು, ಅದರ ಮೂಲ ರೂಪದಲ್ಲಿ ವಿಂಡೋಗಳಿಗೆ ಮಿನಿಮೈಸ್ ಗುಂಡಿಯೇ ಇಲ್ಲ. ಸೂಪರ್ ಕೀಲಿ, ಅಂದರೆ ವಿಂಡೋಸ್ ಚಿಹ್ನೆಯಿರುವ ಕೀಲಿಯನ್ನು ಒತ್ತಿ, ತೆರೆದಿರುವ ಎಲ್ಲವನ್ನೂ ಒಟ್ಟಿಗೆ ನೋಡಿ ಆರಿಸಿಕೊಳ್ಳಬೇಕು. ಕೀಬೋರ್ಡ್ ಬಲ್ಲವರಿಗೆ ಇದು ಬೇಗ ಹಿಡಿಸುತ್ತದೆ, ಮೌಸನ್ನೇ ನೆಚ್ಚಿದವರಿಗೆ ಅಷ್ಟಾಗಿ ಅಲ್ಲ.

ಮೆಮೊರಿ ಕಡಿಮೆಯಿರುವ ಹಳೆಯ ಕಂಪ್ಯೂಟರಿಗೆ ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಕ್ಯೂಟಿ ಹಗುರ. (ಆದರೂ ಹತ್ತಾರು ಟ್ಯಾಬ್ ತೆರೆದ ಬ್ರೌಸರ್ ಡೆಸ್ಕ್‌ಟಾಪ್‌ಗಿಂತ ಹೆಚ್ಚು ಮೆಮೊರಿ ನುಂಗುತ್ತದೆ.)

ಸ್ಥಾಪಿಸುವ ಮೊದಲು ಲೈವ್ ಯುಎಸ್‌ಬಿಯಿಂದ, ಅಂದರೆ ಸ್ಥಾಪಿಸದೆಯೇ ಲಿನಕ್ಸ್ ನಡೆಸಬಲ್ಲ ಪೆನ್‌ಡ್ರೈವ್‌ನಿಂದ, ಕಂಪ್ಯೂಟರ್ ಚಾಲೂ ಮಾಡಿ, ಎರಡನೆಯ ಮಾನಿಟರ್ ಜೋಡಿಸಿದಾಗ ಅಕ್ಷರಗಳ ಗಾತ್ರ ಸರಿಯಿದೆಯೇ, ಟಚ್‌ಪ್ಯಾಡ್ ಹೇಳಿದಂತೆ ಕೇಳುತ್ತದೆಯೇ ಎಂದು ಪರೀಕ್ಷಿಸಿ. ಒಂದೇ ವ್ಯವಸ್ಥೆಯಲ್ಲಿ ಎರಡು ಪರಿಸರಗಳನ್ನು ಹಾಕಿ ಲಾಗಿನ್ ಪರದೆಯಲ್ಲಿ ಆರಿಸಿಕೊಳ್ಳಬಹುದಾದರೂ, ಎರಡೆರಡು ಫೈಲ್ ಮ್ಯಾನೇಜರ್, ಎರಡೆರಡು ಟರ್ಮಿನಲ್ (ಆಜ್ಞೆಗಳನ್ನು ಟೈಪ್ ಮಾಡುವ ವಿಂಡೋ) ಬಂದು ಮೆನು ಕಲಸುಮೇಲೋಗರವಾಗುವುದರಿಂದ, ಹೊಸಬರು ಒಂದೇ ಪರಿಸರವಿರುವ ಆವೃತ್ತಿಯನ್ನು ಸ್ಥಾಪಿಸುವುದು ಒಳ್ಳೆಯದು.