ಹಳೆಯ ಕಾರಿಗೆ ಹೊಸ ಗಾಲಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದಲ್ಲಿರುವ ಕನ್ನಡಿಗ ಓದುಗರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು 1960ರ ದಶಕದ ಮಸಲ್ ಕಾರುಗಳ (ದೊಡ್ಡ ಎಂಜಿನ್ನಿನ, ಜೋರಾಗಿ ಓಡುವ ಅಮೆರಿಕನ್ ಕಾರುಗಳು) ರಿಮ್ ಮತ್ತು ಟೈರಿನ ಅಳತೆಯ ಬಗ್ಗೆಯೇ ಇವೆ. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ನನ್ನ 1969ರ ಷೆವರ್ಲೆ ಕಮಾರೊಗೆ 14 ಇಂಚಿನ ಉಕ್ಕಿನ ರಿಮ್‌ಗಳಿವೆ. ಹಳೆಯ ಟೈರಿನ ಮೇಲೆ ‘ಎಫ್70-14’ ಎಂದಿದೆ. 17 ಇಂಚಿಗೆ ಹೋಗಬೇಕೆಂದಿದ್ದೇನೆ. ಯಾವ ಟೈರ್ ಕೊಳ್ಳಲಿ? ಎಲ್ಲರೂ ಹೇಳುವ ಬ್ಯಾಕ್‌ಸ್ಪೇಸಿಂಗ್ ಅಂದರೆ ಏನು? (ಟ್ರಾಯ್, ಮಿಷಿಗನ್)

ಉತ್ತರ: ‘ಎಫ್’ ಅನ್ನುವುದು ಟೈರ್ ಹೊರುವ ಭಾರದ ದರ್ಜೆ. 70 ಅಂದರೆ ಟೈರಿನ ಪಕ್ಕೆಯ ಎತ್ತರ ಅದರ ಅಗಲದ ಶೇ. 70ರಷ್ಟು ಎಂದರ್ಥ. ಈಗಿನ ಲೆಕ್ಕದಲ್ಲಿ ಇದಕ್ಕೆ ಹತ್ತಿರದ್ದು 225/70 ಆರ್ 14: 225 ಮಿ.ಮೀ. ಅಗಲ, ‘ಆರ್’ ಅಂದರೆ ರೇಡಿಯಲ್, 14 ಇಂಚಿನ ರಿಮ್. ಇದರ ಒಟ್ಟು ವ್ಯಾಸ ತಿಳಿಯಲು 225ನ್ನು 0.70ರಿಂದ ಗುಣಿಸಿ, ಮೇಲೊಂದು ಕೆಳಗೊಂದು ಪಕ್ಕೆ ಇರುವುದರಿಂದ ಎರಡರಷ್ಟು ಮಾಡಿದರೆ 315 ಮಿ.ಮೀ. ರಿಮ್ಮಿನ 14 ಇಂಚು ಅಂದರೆ 355.6 ಮಿ.ಮೀ. ಕೂಡಿದರೆ ಸುಮಾರು 671 ಮಿ.ಮೀ. ಹೊಸ ಟೈರ್ ಇದರ ಆಸುಪಾಸಿನಲ್ಲಿರಬೇಕು. ಶೇ. 3ರೊಳಗಿನ ವ್ಯತ್ಯಾಸ ನಡೆಯುತ್ತದೆ.

17 ಇಂಚಿನ ರಿಮ್ಮಿಗೆ 225/50 ಹಾಕಿದರೆ ವ್ಯಾಸ 657 ಮಿ.ಮೀ., 255/45 ಹಾಕಿದರೆ 661 ಮಿ.ಮೀ. ಮೊದಲನೆಯದು ಮುಂದಕ್ಕೆ, 8 ಇಂಚು ಅಗಲದ ರಿಮ್ಮಿಗೆ. ಎರಡನೆಯದು ಹಿಂದಕ್ಕೆ, 9 ಇಂಚಿನ ರಿಮ್ಮಿಗೆ. ಮುಂದೆ 245/45 ಹಾಕಿದವರೂ ಇದ್ದಾರೆ. ಆದರೆ ಅಳತೆ ತೆಗೆಯದೆ ಅದಕ್ಕೆ ಕೈ ಹಾಕಬೇಡಿ.

ಇನ್ನು ಬ್ಯಾಕ್‌ಸ್ಪೇಸಿಂಗ್. ಟೈರಿಲ್ಲದ ರಿಮ್ಮನ್ನು ಮುಖ ಕೆಳಗೆ ಮಾಡಿ ಮಲಗಿಸಿ. ಮೇಲೆ ಬಂದ ಒಳ ಅಂಚಿನ ಮೇಲೆ ಅಡ್ಡಲಾಗಿ ನೇರವಾದ ಪಟ್ಟಿಯೊಂದನ್ನು ಇಡಿ. ಪಟ್ಟಿಯಿಂದ ಕೆಳಕ್ಕೆ, ಹಬ್ಬಿಗೆ (ಗಾಲಿಯನ್ನು ಬೋಲ್ಟಿನಿಂದ ಬಿಗಿಯುವ ಕಾರಿನ ಭಾಗ) ಕೂರುವ ಚಪ್ಪಟೆ ಜಾಗದವರೆಗೆ ಅಳೆಯಿರಿ. ಅದೇ ಬ್ಯಾಕ್‌ಸ್ಪೇಸಿಂಗ್. ಇದು ಹೆಚ್ಚಾದಷ್ಟೂ ಗಾಲಿ ಒಳಕ್ಕೆ, ಕಡಿಮೆಯಾದಷ್ಟೂ ಹೊರಕ್ಕೆ. ರಿಮ್ಮಿನ ಮೇಲೆ ಬರೆಯುವ ಅಗಲ ಟೈರ್ ಕೂರುವ ಜಾಗದ ಅಗಲ ಮಾತ್ರ. ಎರಡೂ ಅಂಚು ಸೇರಿದರೆ ಸುಮಾರು ಒಂದಿಂಚು ಜಾಸ್ತಿ. ಅಂದರೆ 9 ಇಂಚಿನ ರಿಮ್ಮಿನ ನಿಜವಾದ ಅಗಲ 10, ಅದರ ಅರ್ಧ 5. ಆ ಚಪ್ಪಟೆ ಜಾಗ ರಿಮ್ಮಿನ ನಡುಗೆರೆಯಿಂದ ಎಷ್ಟು ದೂರ ಎಂಬುದೇ ಆಫ್‌ಸೆಟ್. ಬ್ಯಾಕ್‌ಸ್ಪೇಸಿಂಗ್ 5 ಇಂಚಿದ್ದರೆ ಆಫ್‌ಸೆಟ್ ಸೊನ್ನೆ, ಐದೂಕಾಲು ಇದ್ದರೆ ಪ್ಲಸ್ 6 ಮಿ.ಮೀ. ನಿಮ್ಮ ಕಾರಿಗೆ ಮುಂದೆ ನಾಲ್ಕೂಮುಕ್ಕಾಲು ಇಂಚು, ಹಿಂದೆ 5ರಿಂದ ಐದೂಕಾಲು ಸಾಮಾನ್ಯವಾಗಿ ಹೊಂದುತ್ತದೆ.

‘ಸಾಮಾನ್ಯವಾಗಿ’ ಅಂದದ್ದು ಬೇಕೆಂದೇ. ಐವತ್ತು ವರ್ಷ ದಾಟಿದ ಕಾರಿನ ಹಿಂದಿನ ಆಕ್ಸಲ್ ನಟ್ಟನಡುವೆ ಕೂತಿರುವುದು ಅಪರೂಪ. ಎಡಕ್ಕೂ ಬಲಕ್ಕೂ ಕಾಲಿಂಚು ವ್ಯತ್ಯಾಸ ಇದ್ದೇ ಇರುತ್ತದೆ ಎಂದುಕೊಂಡು ಎರಡೂ ಬದಿ ಅಳೆಯಿರಿ. ಕಾರನ್ನು ಎತ್ತಿ ನಿಲ್ಲಿಸುವ ಸ್ಟ್ಯಾಂಡ್‌ಗಳನ್ನು ಚಾಸಿಯ ಕೆಳಗಲ್ಲ, ಆಕ್ಸಲ್ಲಿನ ಕೆಳಗೇ ಕೊಡಿ. ಸ್ಪ್ರಿಂಗಿನ ಮೇಲೆ ಕಾರಿನ ಭಾರ ಬಿದ್ದಿರಬೇಕು. ಗಾಲಿ ಬಿಚ್ಚಿ, ಬ್ರೇಕ್ ಡ್ರಮ್ಮಿನ ಮುಖಕ್ಕೆ ಪಟ್ಟಿ ಹಿಡಿದು, ಅಲ್ಲಿಂದ ಒಳಗೆ ಲೀಫ್ ಸ್ಪ್ರಿಂಗಿನವರೆಗೆ, ಹೊರಗೆ ಫೆಂಡರಿನ ಒಳಮಡಿಕೆಯವರೆಗೆ ಎಷ್ಟಿದೆ ನೋಡಿ. 255ರ ಟೈರ್ ಉಬ್ಬಿದ ಕಡೆ ಸುಮಾರು 10 ಇಂಚು ಅಗಲ. ಆಫ್‌ಸೆಟ್ ಪ್ಲಸ್ 6 ಆದರೆ ಡ್ರಮ್ಮಿನ ಮುಖದಿಂದ ಒಳಕ್ಕೆ ಐದೂಕಾಲು, ಹೊರಕ್ಕೆ ನಾಲ್ಕೂಮುಕ್ಕಾಲು ಇಂಚು ಬರುತ್ತದೆ. ಸ್ಪ್ರಿಂಗಿನ ಕಡೆ ಅರ್ಧ ಇಂಚು, ಫೆಂಡರಿನ ಕಡೆಯೂ ಅಷ್ಟೇ ಖಾಲಿ ಬಿಡಬೇಕು. ಆದ್ದರಿಂದ ಸ್ಪ್ರಿಂಗ್ ಕನಿಷ್ಠ ಐದೂಮುಕ್ಕಾಲು ಇಂಚು ದೂರ ಇದ್ದರೆ ಮಾತ್ರ ಈ ರಿಮ್ ಕೊಳ್ಳಿ. ಮುಂದಿನ ಗಾಲಿಗಳನ್ನು ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಪರೀಕ್ಷಿಸಬೇಕು. ಡ್ರಮ್ ತೆಗೆದು ಡಿಸ್ಕ್ ಬ್ರೇಕ್ ಹಾಕಿಸುವ ಯೋಚನೆ ಇದ್ದರೆ ಮೊದಲು ಅದನ್ನು ಮುಗಿಸಿ, ಆಮೇಲೆ ಅಳೆಯಿರಿ. ಕೆಲವು ಕಿಟ್‌ಗಳು ಗಾಲಿಯನ್ನು ಅರ್ಧ ಇಂಚಿನವರೆಗೂ ಹೊರಕ್ಕೆ ತಳ್ಳುತ್ತವೆ.

ಪ್ರಶ್ನೆ: ಫೋರ್ಡ್ ಮಸ್ಟಾಂಗಿನ ರಿಮ್‌ಗಳು ಅಗ್ಗಕ್ಕೆ ಸಿಗುತ್ತಿವೆ. ಐದೇ ನಟ್ಟು, ನೋಡಲೂ ಒಂದೇ ಥರ. ನನ್ನ ಷೆವರ್ಲೆ ಷೆವೆಲ್‌ಗೆ ಹಾಕಬಹುದೆ? (ಫ್ರೀಮಾಂಟ್, ಕ್ಯಾಲಿಫೋರ್ನಿಯ)

ಉತ್ತರ: ಬೇಡ. ಆ ಕಾಲದ ವಿ8 ಮಸ್ಟಾಂಗಿನ ಬೋಲ್ಟುಗಳು ಕೂರುವ ವೃತ್ತದ ವ್ಯಾಸ ನಾಲ್ಕೂವರೆ ಇಂಚು, ಷೆವೆಲ್‌ನದು ನಾಲ್ಕೂಮುಕ್ಕಾಲು. ಅಕ್ಕಪಕ್ಕದ ಎರಡು ತೂತುಗಳ ನಡುವಿನ ದೂರದಲ್ಲಿ ಅಳೆದರೆ ಮೊದಲನೆಯದು 67.2 ಮಿ.ಮೀ., ಎರಡನೆಯದು 70.9 ಮಿ.ಮೀ. ಕಣ್ಣಳತೆಗೆ ಸಿಗದ ಈ ಮೂರೂಮುಕ್ಕಾಲು ಮಿಲಿಮೀಟರೇ ಅಪಾಯ. ಒತ್ತಿ ಕೂರಿಸಿದರೆ ಬೋಲ್ಟು ಸೊಟ್ಟಗೆ ಎಳೆದುಕೊಳ್ಳುತ್ತದೆ, ನಟ್ಟು ಒಂದೇ ಪಕ್ಕದಲ್ಲಿ ಕಚ್ಚುತ್ತದೆ, ಓಡುತ್ತಾ ಸಡಿಲವಾಗುತ್ತದೆ.

ಪ್ರಶ್ನೆ: 1967ರ ಮಸ್ಟಾಂಗಿನ ಹಿಂದೆ 275/60 ಆರ್ 15 ಹಾಕಿ, ಉದ್ದದ ಶ್ಯಾಕಲ್‌ಗಳಿಂದ (ಲೀಫ್ ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿಗಳು) ಹಿಂಭಾಗ ಎತ್ತಿದರೆ ಉಜ್ಜುವುದಿಲ್ಲ ಎನ್ನುತ್ತಾರೆ. ಹೌದೆ? (ಡಲ್ಲಾಸ್, ಟೆಕ್ಸಸ್)

ಉತ್ತರ: ಈ ಸಲಹೆ ನಮಗೆ ಒಪ್ಪಿಗೆಯಿಲ್ಲ. ಈ ಟೈರ್ 711 ಮಿ.ಮೀ. ಎತ್ತರ, ಅಂದರೆ 28 ಇಂಚು. ಅಗಲ ಸುಮಾರು 11 ಇಂಚು. ಚಕ್ರದ ಗೂಡನ್ನು ಕತ್ತರಿಸಿ ಅಗಲಿಸದೆ ಅದು ಅಲ್ಲಿ ಹಿಡಿಯುವುದಿಲ್ಲ. ನಿಂತಾಗ ತಾಗದಿದ್ದರೂ ಇಬ್ಬರು ಹಿಂದೆ ಕೂತು, ಒಂದು ತಿರುವು ಬಂದರೆ ಸಾಕು, ಟೈರಿನ ಒಳಪಕ್ಕೆ ಸ್ಪ್ರಿಂಗಿಗೆ ಉಜ್ಜಿ ಅಲ್ಲಿ ಬೆರಳಗಲದ ಹೊಳೆಯುವ ಗೆರೆ ಬೀಳುತ್ತದೆ. ಆ ಹೊಳಪಿನ ಕೆಳಗೇ ಟೈರಿನ ದಾರಗಳಿರುವುದು.

ಹಿಂಭಾಗ ಎತ್ತಿದರೆ ಮುಂಗಾಲಿಗಳ ಕ್ಯಾಸ್ಟರ್ ಕೋನ (ಸ್ಟೇರಿಂಗ್ ತಿರುಗಿಸಿದಾಗ ಗಾಲಿ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗಿ ಕಾರು ನೇರ ದಾರಿ ಹಿಡಿಯುವುದಿಲ್ಲ. ಡ್ರೈವ್ ಶಾಫ್ಟಿನ ಕೋನವೂ ಕೆಡುತ್ತದೆ. ಸ್ಪೀಡೋಮೀಟರ್ ಕೂಡ ತಪ್ಪುತ್ತದೆ. 26 ಇಂಚಿನ ಟೈರಿಗೆ ಹೊಂದಿಸಿದ ಮೀಟರು 60 ಮೈಲಿ ತೋರಿಸುವಾಗ ನೀವು 64ನ್ನು ದಾಟಿರುತ್ತೀರಿ. 3.00ರ ಆಕ್ಸಲ್ ಅನುಪಾತ (ಗಾಲಿಯ ಒಂದು ಸುತ್ತಿಗೆ ಡ್ರೈವ್ ಶಾಫ್ಟ್ ತಿರುಗುವ ಸುತ್ತು) 2.79 ಇದ್ದಂತಾಗಿ, ಹೊರಡುವಾಗಿನ ಎಳೆತ ಕಣ್ಣಿಗೆ ಕಾಣುವಷ್ಟು ತಗ್ಗುತ್ತದೆ.

7 ಇಂಚು ಅಗಲದ 15ರ ರಿಮ್, ಬ್ಯಾಕ್‌ಸ್ಪೇಸಿಂಗ್ 4ರಿಂದ ನಾಲ್ಕೂಕಾಲು ಇಂಚು, ಹಿಂದೆ 235/60, ಮುಂದೆ 225/60. ಈ ಕಾರಿಗೆ ಇದಕ್ಕಿಂತ ಚೆಂದದ ಜೋಡಿ ಬೇಕಿಲ್ಲ. ಹಿಂದಿನದು 663, ಮುಂದಿನದು 651 ಮಿ.ಮೀ. ಇರುವುದರಿಂದ ಎತ್ತದೆಯೇ ಕಾರು ತುಸು ಮುಂದಕ್ಕೆ ಬಾಗಿದಂತೆ ನಿಲ್ಲುತ್ತದೆ.

ಪ್ರಶ್ನೆ: 1968ರ ಡಾಡ್ಜ್ ಚಾರ್ಜರಿನ ಎಡಬದಿಯ ನಟ್ಟುಗಳು ಎಷ್ಟು ಬಲ ಹಾಕಿದರೂ ಬರುತ್ತಿಲ್ಲ. ಒಂದು ಬೋಲ್ಟು ಮುರಿದೇ ಹೋಯಿತು. (ಷಿಕಾಗೊ)

ಉತ್ತರ: ತಿರುಗಿಸುವುದನ್ನು ನಿಲ್ಲಿಸಿ! ಡಾಡ್ಜ್ ಸೇರಿದಂತೆ ಕ್ರೈಸ್ಲರ್ ಕಂಪನಿಯ ಕಾರುಗಳಲ್ಲಿ 1970ರ ಮಾದರಿಯವರೆಗೂ ಎಡಬದಿಯ ಗಾಲಿಗೆ ಉಲ್ಟಾ ತ್ರೆಡ್ ಇರುತ್ತಿತ್ತು. ಬೋಲ್ಟಿನ ತುದಿಯ ಗ್ರೀಸು, ತುಕ್ಕು ಒರೆಸಿ ನೋಡಿ. ‘ಎಲ್’ ಎಂಬ ಅಕ್ಷರ ಒತ್ತಿದ್ದರೆ ಆ ನಟ್ಟು ಗಡಿಯಾರದ ಮುಳ್ಳಿನ ದಿಕ್ಕಿಗೇ ಬಿಚ್ಚುತ್ತದೆ. ಮುರಿದದ್ದನ್ನು ಹೇಗೂ ಬದಲಿಸುವವರಿದ್ದರೆ ಎಡಬದಿಯ ಹತ್ತನ್ನೂ ಅರ್ಧ ಇಂಚಿನ, ಇಂಚಿಗೆ 20 ಸುತ್ತಿನ ಬಲ ತ್ರೆಡ್ಡಿಗೆ ಬದಲಿಸುವುದು ಒಳ್ಳೆಯದು. ಅಲಾಯ್ ರಿಮ್ಮಿಗೆ ಬೇಕಾದ ನಟ್ಟುಗಳು ಆಗ ಸುಲಭವಾಗಿ ಸಿಗುತ್ತವೆ. ಹಳೆಯ ಬೋಲ್ಟುಗಳ ಕುತ್ತಿಗೆಯನ್ನು ಕಾರ್ಖಾನೆಯಲ್ಲೇ ಅರಳಿಸಿ ಕೂರಿಸಿರುತ್ತಾರೆ. ಆ ಅರಳಿದ ಭಾಗವನ್ನು ಮೊದಲು ಕಟ್ಟರಿನಿಂದ ತೆಗೆಯದೆ ಸುತ್ತಿಗೆಯಲ್ಲಿ ಹೊಡೆದರೆ ಹಬ್ಬಿನ ತೂತು ಹಿಗ್ಗುತ್ತದೆ, ಹೊಸ ಬೋಲ್ಟು ಅದರಲ್ಲಿ ತಿರುಗುತ್ತದೆ.

ಹೊಸ ನಟ್ಟು ಕೊಳ್ಳುವಾಗ ರಿಮ್ಮಿನ ತೂತು ನೋಡಿ: ಕೊಳವೆಯಂತೆ ಇಳಿಜಾರಾಗಿದ್ದರೆ ಕೋನಾಕಾರದ ನಟ್ಟು, ನೇರ ತೂತಿದ್ದರೆ ವಾಷರ್ ಸಮೇತ ಉದ್ದ ಕತ್ತಿನ ನಟ್ಟು. ಒಂದರ ಜಾಗಕ್ಕೆ ಇನ್ನೊಂದು ಆಗದು. ನಟ್ಟು ಕನಿಷ್ಠ ಹತ್ತು ಸುತ್ತು ಹತ್ತಬೇಕು. ಟಾರ್ಕ್ ರೆಂಚಿನಲ್ಲಿ, ಒಂದು ಬಿಟ್ಟು ಒಂದರಂತೆ, 80 ಪೌಂಡ್-ಅಡಿ ಬಿಗಿ ಕೊಡಿ. 50 ಮೈಲಿ ಓಡಿಸಿದ ಮೇಲೆ ಮತ್ತೆ ಬಿಗಿ ನೋಡಿ.

ಪ್ರಶ್ನೆ: ಕೊಂಡ ಕಾರಿನ ಟೈರುಗಳಲ್ಲಿ ನೆಲ ಹಿಡಿಯುವ ಗೀರುಗಳು ಆಳವಾಗಿಯೇ ಇವೆ. ಇಟ್ಟುಕೊಳ್ಳಲೆ? (ಅಟ್ಲಾಂಟ)

ಉತ್ತರ: ಗೀರಲ್ಲ, ವಯಸ್ಸು ನೋಡಿ. ಪಕ್ಕೆಯ ಮೇಲೆ ‘ಡಾಟ್’ (DOT) ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳೇ ತಯಾರಾದ ವಾರ ಮತ್ತು ವರ್ಷ. 1814 ಇದ್ದರೆ 2014ರ 18ನೇ ವಾರ. ಪೂರ್ತಿ ಸಾಲು ಟೈರಿನ ಒಂದೇ ಬದಿಯಲ್ಲಿರಬಹುದು, ಕಾರಿನ ಕೆಳಗೆ ತೂರಿ ಒಳಬದಿಯನ್ನೂ ನೋಡಿ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು. ಆ ಟೈರಿನ ಮೇಲೆ ಮನೆಯವರನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯಬೇಡಿ. ಆರು ವರ್ಷ ದಾಟಿದ್ದನ್ನು ಪ್ರತಿ ವರ್ಷ ಪರೀಕ್ಷಿಸಿ, ಹತ್ತಾದದ್ದನ್ನು ತೆಗೆದುಬಿಡಿ.

ಪ್ರಶ್ನೆ: ಹಳೆಯ ಬಯಾಸ್ ಟೈರ್ (ಒಳಗಿನ ದಾರಗಳು ಓರೆಯಾಗಿ ಹೆಣೆದದ್ದು) ತೆಗೆದು ರೇಡಿಯಲ್ (ದಾರಗಳು ನೇರ ಅಡ್ಡಲಾಗಿರುವುದು) ಹಾಕಿಸಿದೆ. ಆದರೂ ಕಾರು ಆಚೀಚೆ ಅಲೆಯುತ್ತದೆ. (ಸಿಯಾಟಲ್)

ಉತ್ತರ: ಅಲೈನ್‌ಮೆಂಟ್ ಮಾಡಿಸಿದಾಗ ಕಾರಿನ ಹಳೆಯ ಪುಸ್ತಕದ ಅಂಕಿಗಳನ್ನೇ ಇಟ್ಟಿರಬೇಕು. ಅವು ಬಯಾಸ್ ಟೈರಿಗಾಗಿ ಬರೆದವು, ಅಲ್ಲಿ ಕ್ಯಾಸ್ಟರ್ ಬಹಳ ಕಡಿಮೆ. ಪವರ್ ಸ್ಟೇರಿಂಗ್ ಇದ್ದರೆ ಕ್ಯಾಸ್ಟರ್ ಪ್ಲಸ್ 2ರಿಂದ 3 ಡಿಗ್ರಿ, ಕ್ಯಾಂಬರ್ (ಗಾಲಿಯ ಮೇಲ್ತುದಿ ಒಳಕ್ಕೆ ಇಲ್ಲವೆ ಹೊರಕ್ಕೆ ವಾಲಿರುವ ಕೋನ) ಸೊನ್ನೆಯಿಂದ ಮೈನಸ್ ಅರ್ಧ ಡಿಗ್ರಿ, ಟೋ-ಇನ್ (ಎರಡು ಗಾಲಿಗಳ ಮುಂತುದಿ ಒಳಕ್ಕೆ ತಿರುಗಿರುವ ಅಳತೆ) ಇಂಚಿನ ಹದಿನಾರನೇ ಒಂದರಿಂದ ಎಂಟನೇ ಒಂದು ಭಾಗ ಕೇಳಿ ಮಾಡಿಸಿ. ನಾಲ್ಕೂ ಟೈರ್ ರೇಡಿಯಲ್ ಆಗಿವೆಯೆ ಎಂಬುದನ್ನೂ ನೋಡಿಕೊಳ್ಳಿ. ಮುಂದೆ ರೇಡಿಯಲ್, ಹಿಂದೆ ಬಯಾಸ್ ಉಳಿದಿದ್ದರೆ ಯಾವ ಅಲೈನ್‌ಮೆಂಟೂ ಆ ಅಲೆದಾಟವನ್ನು ನಿಲ್ಲಿಸದು.