ಒಂದೇ ಕ್ಲಾಸು, ಮೂರು ಗುಡ್ಡೆ ಚೀಟಿ

ಪ್ರಶ್ನೆ: ಮೇಡಂ, ಸರ್ಕಾರಿ ಶಾಲೇಲಿ 5ನೇ ಕ್ಲಾಸಿಗೆ ಗಣಿತ ತಗೋತೀನಿ, 34 ಮಕ್ಕಳು. ಟ್ರೈನಿಂಗಲ್ಲಿ ‘ಡಿಫರೆನ್ಷಿಯೇಟೆಡ್ ಇನ್‌ಸ್ಟ್ರಕ್ಷನ್’ ಮಾಡಿ ಅಂದ್ರು, ಪ್ರತಿ ಮಗುವಿಗೂ ಬೇರೆ ಪಾಠ ಅಂತೆ. 40 ನಿಮಿಷದಲ್ಲಿ 34 ಲೆಸನ್ ಪ್ಲಾನಾ? ನಮ್ಮ ಹೆಡ್‌ಮಾಸ್ಟ್ರು ಕೇಳಿದ್ರೆ, ಜಾಣರನ್ನ ಮುಂದೆ ದಡ್ಡರನ್ನ ಹಿಂದೆ ಕೂರ್ಸಿ, ಮುಗೀತು ಅಂತಾರೆ.
— ಶಿಕ್ಷಕಿ, ಅರಸೀಕೆರೆ

ಉತ್ತರ: ಅಯ್ಯೋ, 34 ಪ್ಲಾನ್ ಬರೆಯೋಕೆ ಹೋಗ್ಬೇಡಿ, ಹೆಡ್‌ಮಾಸ್ಟ್ರು ಹೇಳಿದ್ದನ್ನಂತೂ ಮಾಡ್ಲೇಬೇಡಿ. ಹೆಸರು ಇಂಗ್ಲಿಷಲ್ಲಿದೆ ಅಂತ ಹೊಸದು ಅನ್ಸುತ್ತೆ ಅಷ್ಟೇ, ನಿಮ್ಮ ಶಾಲೇದೇ ನಲಿಕಲಿ ರೂಮಿಗೆ, ಅಂದ್ರೆ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಕಾರ್ಡು ಹಿಡ್ಕೊಂಡು ಕಲಿಯೋ ರೂಮಿಗೆ, ಒಂದ್ಸಲ ಇಣುಕಿ ನೋಡಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಲ್ಲಿ ಶುರುವಾಗಿದ್ದು ಅದು, ಆಂಧ್ರದ ರಿಷಿವ್ಯಾಲಿ ಶಾಲೆಯವರ ಕಾರ್ಡು-ಏಣಿ ಪದ್ಧತಿ (ಪಾಠಾನ ಸಣ್ಣ ಸಣ್ಣ ಕಾರ್ಡು ಮಾಡಿ ಏಣಿ ಮೆಟ್ಟಿಲಿನಂಗೆ ಜೋಡಿಸೋದು) ನೋಡ್ಕೊಂಡು ಬಂದು ನಮ್ಮ ಮೇಷ್ಟ್ರುಗಳೇ ಕೂತು ಕಟ್ಟಿದ್ದು. ಅಲ್ಲಿ ಐದು ತಟ್ಟೆ, ಅಂದ್ರೆ ಮಕ್ಕಳು ಕೂರೋ ಐದು ಗುಂಪು, ಒಂದರಲ್ಲಿ ಟೀಚರ್ ಪೂರ್ತಿ ಜೊತೇಲಿರ್ತಾರೆ, ಒಂದರಲ್ಲಿ ಅರ್ಧಂಬರ್ಧ, ಎರಡರಲ್ಲಿ ಗೆಳೆಯರ ನೆರವು, ಕೊನೇದರಲ್ಲಿ ಮಗು ತಾನೇ ಕಲಿಯುತ್ತೆ. ಮುಖ್ಯ ವಿಷಯ ಏನಪ್ಪಾ ಅಂದ್ರೆ ಯಾವ ಮಗುವಿಗೂ ಕಾಯಂ ತಟ್ಟೆ ಅಂತಿಲ್ಲ, ಕಾರ್ಡು ಮುಗಿದಂಗೆ ಎದ್ದು ಮುಂದಿನ ತಟ್ಟೆಗೆ ಹೋಗುತ್ತೆ. (ಕಾರ್ಡು ಕಳೆದುಹೋಗೋದು, ದಾಖಲೆ ತುಂಬಿ ತುಂಬಿ ಕೈ ಸೋಲೋದು, ಆ ಗೋಳು ಬೇರೆ!) ನಾಲ್ಕನೇ ಕ್ಲಾಸಿಗೆ ಬಂದ ತಕ್ಷಣ ಎಲ್ಲರಿಗೂ ಒಂದೇ ಪುಸ್ತಕ ಒಂದೇ ಪುಟ, ಅಲ್ಲೇ ನೋಡಿ ದಾರ ಕಡಿಯೋದು.

ನಿಮ್ಮ ಕ್ಲಾಸಿಗೆ ಹೀಗೆ ಮಾಡಿ ನೋಡಿ. ಭಿನ್ನರಾಶಿ ಶುರು ಮಾಡೋ ದಿನ ಒಂದೇ ಪ್ರಶ್ನೆ ಬರೀರಿ, 1/3 ದೊಡ್ಡದೋ 1/4 ದೊಡ್ಡದೋ, ಯಾಕೆ? ಮೂರು ನಿಮಿಷ, ಚೀಟೀಲಿ ಉತ್ತರ. ಚೀಟಿ ಮೂರು ಗುಡ್ಡೆ ಆಗುತ್ತೆ. ನಾಲ್ಕು ಮೂರಕ್ಕಿಂತ ದೊಡ್ಡದಲ್ವಾ ಅಂತ 1/4 ಬರೆದೋರು, ಉತ್ತರ ಸರಿ ಆದ್ರೆ ‘ಯಾಕೆ’ ಖಾಲಿ ಬಿಟ್ಟೋರು, ಕಾರಣಾನೂ ಬರೆದೋರು. ಮೊದಲ ಗುಂಪು ನಿಮ್ಮ ಜೊತೆ ನೆಲದ ಮೇಲೆ ಕೂರ್ಲಿ, ಹಳೇ ಪೇಪರ್ ಒಂದೇ ಉದ್ದದ ಪಟ್ಟಿ ಕತ್ತರಿಸಿ ಮೂರು ಮಡಿಕೆ, ನಾಲ್ಕು ಮಡಿಕೆ ಮಾಡಿ ಪಕ್ಕಪಕ್ಕ ಇಟ್ಟು ನೋಡ್ಲಿ, ಮಡಿಕೆ ಜಾಸ್ತಿಯಾದ್ರೆ ತುಂಡು ಸಣ್ಣದಾಗೋದು ಕೈಗೇ ಗೊತ್ತಾಗುತ್ತೆ. ಎರಡನೇ ಗುಂಪು ಜೋಡಿ ಜೋಡಿಯಾಗಿ ಚಿತ್ರ ಬರೆದು ಒಬ್ಬರಿಗೊಬ್ಬರು ಕಾರಣ ಹೇಳ್ಲಿ. ಮೂರನೇ ಗುಂಪಿಗೆ ಹತ್ತು ಲೆಕ್ಕ ಜಾಸ್ತಿ ಕೊಡೋದಲ್ಲ, ಅದು ಜಾಣತನಕ್ಕೆ ದಂಡ ಹಾಕಿದಂಗೆ. 1/3ಕ್ಕೂ 1/4ಕ್ಕೂ ಮಧ್ಯೆ ಇರೋ ಒಂದು ಭಿನ್ನರಾಶಿ ಹುಡುಕಿ ಅನ್ನಿ. ಯಾರಾದ್ರೂ 2/7 ಹಿಡ್ಕೊಂಡು ಓಡಿ ಬಂದ್ರೆ ಹೇಗೆ ಸಿಕ್ತು ಅಂತ ಕೇಳಿ, ಅಲ್ಲೇ ಪಾಠ ಇರೋದು. ಕೊನೇ ಹತ್ತು ನಿಮಿಷ ಎಲ್ಲರಿಗೂ ಒಂದೇ ಪ್ರಶ್ನೆ: 2/3 ದೊಡ್ಡದೋ 3/4 ದೊಡ್ಡದೋ? ತಲುಪಬೇಕಾದ ಜಾಗ ಒಂದೇ, ಹೊರಟ ಜಾಗ ಬೇರೆ.

ಮುಂದಿನ ವಾರ ಕೋನ ಪಾಠಕ್ಕೆ ಮತ್ತೆ ಹೊಸ ಚೀಟಿ. ಗುಡ್ಡೆ ಅದಲುಬದಲು ಆಗೇ ಆಗುತ್ತೆ, ಹೆಡ್‌ಮಾಸ್ಟ್ರಿಗೆ ಎರಡೂ ಕಂತೆ ತೋರ್ಸಿ.

ಪ್ರಶ್ನೆ: ನೋಡಿ ಕಲಿಯೋರು, ಕೇಳಿ ಕಲಿಯೋರು, ಮಾಡಿ ಕಲಿಯೋರು ಅಂತ ಮಕ್ಕಳನ್ನ ಮೂರು ಪಟ್ಟಿ ಮಾಡಿದ್ದೀನಿ. ಡಿಫರೆನ್ಷಿಯೇಟೆಡ್ ಇನ್‌ಸ್ಟ್ರಕ್ಷನ್ ಅಂದ್ರೆ ಇದೇ ತಾನೇ?
— ಶಿಕ್ಷಕ, ಸಿಂಧನೂರು

ಉತ್ತರ: ಅಲ್ಲ ಸರ್. 2008ರಲ್ಲಿ ಅಮೆರಿಕದ ನಾಲ್ವರು ಮನಶ್ಶಾಸ್ತ್ರಜ್ಞರು ಇದರ ಮೇಲಿನ ಸಂಶೋಧನೆಗಳನ್ನೆಲ್ಲ ತಡಕಾಡಿ, ಆ ಥರ ವಿಂಗಡಿಸಿ ಕಲಿಸಿದ್ರೆ ಲಾಭ ಅನ್ನೋದಕ್ಕೆ ಸಾಕಷ್ಟು ಪುರಾವೆ ಇಲ್ಲ ಅಂದ್ರು. ನಕ್ಷೆ ಎಲ್ಲರೂ ನೋಡಿಯೇ ಕಲಿಬೇಕು, ಪದ್ಯ ಎಲ್ಲರೂ ಕೇಳಿಯೇ. ಮಗುವಿಗೆ ಏನು ಬರುತ್ತೆ, ಎಲ್ಲಿ ಸಿಕ್ಕಾಕೊಂಡಿದೆ ಅನ್ನೋ ಪಟ್ಟಿ ಮಾಡಿ, ಅದನ್ನೂ ಪೆನ್ಸಿಲ್ಲಲ್ಲಿ.

ಪ್ರಶ್ನೆ: ಮಗಳಿಗೆ ಜೂನ್‌ನಿಂದ ಸುಲಭದ ವರ್ಕ್‌ಶೀಟೇ ಕೊಡ್ತಿದ್ದಾರೆ, ಅವಳ ಲೆವೆಲ್ ಅದು ಅಂತಾರೆ. ಸುಮ್ನಿರ್ಲಾ?
— ತಾಯಿ, ಬೆಂಗಳೂರು

ಉತ್ತರ: ಬೇಡಮ್ಮಾ, ಹೋಗಿ ಕೇಳಿ. ಜಗಳ ಬೇಡ, ಎರಡೇ ಮಾತು: ಇವಳು ಈ ಶೀಟಿಂದ ಯಾವಾಗ ಹೊರಗೆ ಬರ್ತಾಳೆ, ಅದಕ್ಕೆ ಏನು ಮಾಡ್ತಿದ್ದೀರಿ? ಜೂನಲ್ಲಿ ಕೊಟ್ಟ ಶೀಟು, ಈಗಿನ ಶೀಟು ಎರಡೂ ಬ್ಯಾಗಲ್ಲಿ ಇಟ್ಕೊಂಡು ಹೋಗಿ.