ಕೈಯಲ್ಲಿ ಬಿಡಿಸಿದ ಚಿತ್ರಗಳಿಂದ ಜೋಡಣೆ ಕಾಣದ ಪ್ಯಾಟರ್ನ್‌ಗಳ ಕಲೆಕ್ಷನ್ ಮಾಡುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ವಾಟರ್ ಕಲರ್‌ನಲ್ಲಿ ಹೂವು, ಬಳ್ಳಿ ಬಿಡಿಸಿ, ಸ್ಕ್ಯಾನ್ ಮಾಡಿ, ಬಟ್ಟೆಗೂ ಗಿಫ್ಟ್ ಪೇಪರ್‌ಗೂ ಆಗುವ ಹಾಗೆ ಹತ್ತು ಪ್ಯಾಟರ್ನ್ ಮಾಡಿದ್ದೀರಿ. ತೊಂದರೆ ಎರಡು. ಒಂದು, ಟೈಲ್‌ಗೆ ಟೈಲ್ ಸೇರುವ ಕಡೆ, ಅಂದರೆ ಮತ್ತೆ ಮತ್ತೆ ಪಕ್ಕಪಕ್ಕ ಜೋಡಿಸುವ ಆ ಒಂದು ಚಿತ್ರದ ಅಂಚುಗಳು ಕೂಡುವ ಕಡೆ, ಗೆರೆ ಕಾಣುತ್ತದೆ. ಇನ್ನೊಂದು, ಹತ್ತನ್ನೂ ಪಕ್ಕಪಕ್ಕ ಇಟ್ಟರೆ ಒಂದಕ್ಕೊಂದು ಗುರುತು ಪರಿಚಯವೇ ಇಲ್ಲದ ಹಾಗೆ ನಿಂತಿವೆ. ಗೆರೆಗೆ ತಲೆ ಕೆಡಿಸಿಕೊಳ್ಳಬೇಡಿ, ಅದು ಒಂದು ಮಧ್ಯಾಹ್ನದಲ್ಲಿ ಕೈಗೆ ಹತ್ತುವ ಕೆಲಸ. ಎರಡನೆಯದೇ ನಿಜವಾದ ಕೆಲಸ. ನಾನು ಮೊದಲ ಎರಡು ಕಲೆಕ್ಷನ್‌ಗಳಲ್ಲಿ ಗೆರೆಯ ಹಿಂದೆಯೇ ಬಿದ್ದು ಉಳಿದದ್ದನ್ನೆಲ್ಲ ಕೆಡಿಸಿಕೊಂಡಿದ್ದೆ.

ಆದರೂ ಮೊದಲು ಗೆರೆಯನ್ನೇ ಮುಗಿಸಿಬಿಡೋಣ.

ಒಂದೇ ಒಂದು ಸಲ ಇದನ್ನು ಕಾಗದದ ಮೇಲೆ ಮಾಡಿ ನೋಡಿ. 20 ಸೆಂಟಿಮೀಟರ್‌ನ ಚೌಕ ಹಾಳೆ ಸಾಕು, ಪೆನ್ಸಿಲ್ ಸಾಕು. ಹಾಳೆಯ ನಡುವೆ ಮಾತ್ರ ಬಿಡಿಸಿ, ಯಾವ ಅಂಚಿಗೂ ಚಿತ್ರ ತಾಗಬಾರದು. ಹಾಳೆಯ ಹಿಂದೆ ನಾಲ್ಕು ಮೂಲೆಗೂ 1, 2, 3, 4 ಅಂತ ಬರೆದುಕೊಳ್ಳಿ, ಇಲ್ಲದಿದ್ದರೆ ಆಮೇಲೆ ಯಾವ ತುಂಡು ಎಲ್ಲಿಯದು ಅಂತ ಗೊತ್ತಾಗುವುದಿಲ್ಲ. ಈಗ ಸ್ಕೇಲ್ ಇಟ್ಟು ಬ್ಲೇಡಿನಿಂದ ನಡುವೆ ಉದ್ದಕ್ಕೆ ಕತ್ತರಿಸಿ. ಎಡದ ಅರ್ಧವನ್ನು ಬಲಕ್ಕೆ, ಬಲದ ಅರ್ಧವನ್ನು ಎಡಕ್ಕೆ ಇಟ್ಟು ಹಿಂದಿನಿಂದ ಟೇಪ್ ಹಚ್ಚಿ. ಹಾಗೆಯೇ ಅಡ್ಡಕ್ಕೆ ಕತ್ತರಿಸಿ, ಮೇಲಿನದನ್ನು ಕೆಳಗೆ ಇಡಿ. ಮೊದಲು ಹೊರಗಿದ್ದ ನಾಲ್ಕು ಮೂಲೆಗಳೂ ಈಗ ನಡುವೆ ಬಂದು ಕೂತಿರುತ್ತವೆ. ನಡುವೆ ಖಾಲಿ ಜಾಗ, ಅಂಚಿನಲ್ಲಿ ಅರ್ಧ ಕತ್ತರಿಸಿದ ಹೂವುಗಳು. ಆ ಖಾಲಿ ಜಾಗವನ್ನು ತುಂಬಿ, ಅಂಚನ್ನು ಮಾತ್ರ ಮುಟ್ಟಬೇಡಿ. ಅಷ್ಟೇ. ಈ ಹಾಳೆಯನ್ನು ನಾಲ್ಕು ಜೆರಾಕ್ಸ್ ಮಾಡಿ ಜೋಡಿಸಿದರೆ ಗೆರೆ ಮಾಯ.

ಬಣ್ಣ ಹಾಕಿದ ಹಾಳೆಯನ್ನೇ ಹೀಗೆ ಕತ್ತರಿಸಲು ನನಗೆ ಹೊಟ್ಟೆ ಉರಿಯುತ್ತದೆ, ಹಾಗಾಗಿ ಬಣ್ಣದ ಕೆಲಸ ಕಂಪ್ಯೂಟರಿನಲ್ಲೇ. ಫೋಟೋಶಾಪ್‌ನಲ್ಲಿ ಆಫ್‌ಸೆಟ್ ಫಿಲ್ಟರ್ ಮಾಡುವುದು ಇದೇ ಕತ್ತರಿಸಿ ಅದಲು ಬದಲು ಮಾಡುವ ಆಟ. ಕ್ರಿಟಾ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಉಚಿತ, ಅದರಲ್ಲಿ ಡಬ್ಲ್ಯೂ ಒತ್ತಿದರೆ ಟೈಲ್ ಸುತ್ತಲೂ ಹರಡಿಕೊಂಡು ಕಾಣುತ್ತದೆ, ಅಲ್ಲೇ ಬಿಡಿಸುತ್ತಾ ಹೋಗಬಹುದು.

ಹಾಗಿದ್ದರೂ ನಿಮಗೆ ಗೆರೆ ಯಾಕೆ ಬರುತ್ತಿದೆ? ನೀವು ಬರೆದದ್ದು ನೋಡಿದರೆ ಕಾರಣ ಎರಡು ಇರಬಹುದು. ಮೊದಲನೆಯದು, ಹಿನ್ನೆಲೆಯ ತೆಳು ಬಣ್ಣವನ್ನೂ ಹೂವಿನ ಜೊತೆಗೇ ಒಂದೇ ಹಾಳೆಯಲ್ಲಿ ಹಚ್ಚಿದ್ದೀರಿ. ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿ ಬಣ್ಣ ಗಾಢ. ಎಡ ಅಂಚಿನ ನೀಲಿ, ಬಲ ಅಂಚಿನ ನೀಲಿ ಎಂದೂ ಒಂದೇ ಆಗುವುದಿಲ್ಲ. ಹೂವನ್ನು ಬಿಳಿ ಹಾಳೆಯ ಮೇಲೆ ಬೇರೆ, ಹಿನ್ನೆಲೆಯನ್ನು ಬೇರೆ ಹಾಳೆಯಲ್ಲಿ ಮಾಡಿ. ಹಿನ್ನೆಲೆಯನ್ನು ಆಫ್‌ಸೆಟ್ ಮಾಡಿ ನಡುವೆ ಬಂದ ಗೆರೆಯನ್ನು ತೇಪೆ ಹಾಕಿ ಅಳಿಸುವುದು ಸುಲಭ, ಯಾಕೆಂದರೆ ಅಲ್ಲಿ ಕೆಡಲು ಹೂವೇ ಇಲ್ಲ.

ಎರಡನೆಯದು ಲೆಕ್ಕದ್ದು. ಟೈಲಿನ ಅಳತೆ ಸಮ ಸಂಖ್ಯೆಯಲ್ಲಿರಲಿ. 12 ಇಂಚಿನ ಟೈಲ್, ಇಂಚಿಗೆ 300 ಪಿಕ್ಸೆಲ್ ಅಂದರೆ 3600, ಅರ್ಧ 1800. ಅದೇ 3601 ಆದರೆ ಅರ್ಧ ಪಿಕ್ಸೆಲ್ ಉಳಿಯುತ್ತದೆ, ಕೂದಲೆಳೆಯಷ್ಟು ಗೆರೆ ಬರಲು ಅಷ್ಟು ಸಾಕು. ಬಲ ಅಂಚಿನಾಚೆ ಚಾಚಿದ ಎಲೆಯ ನಕಲನ್ನು ಎಡಕ್ಕೆ ತರುವಾಗ ಮೌಸಿನಲ್ಲಿ ಎಳೆಯಬೇಡಿ. 3600 ಅಂತ ಟೈಪ್ ಮಾಡಿಯೇ ಸರಿಸಿ. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ.

ಸ್ಕ್ಯಾನಿಂಗ್ ಬಗ್ಗೆ ಒಂದೆರಡು ಮಾತು. 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಪಿಕ್ಸೆಲ್‌ನಲ್ಲಿ ಮಾಡಿ, ಆಮೇಲೆ ಹೂವನ್ನು ಎರಡರಷ್ಟು ದೊಡ್ಡದು ಮಾಡಿದರೂ 300 ಉಳಿಯುತ್ತದೆ. ಸ್ಕ್ಯಾನರಿನ ಆಟೋ ಕರೆಕ್ಷನ್ ಆಫ್ ಇರಲಿ, ಅದು ತೆಳು ಬಣ್ಣಗಳನ್ನು ನುಂಗಿಬಿಡುತ್ತದೆ. ಒರಟು ಕಾಗದಕ್ಕಿಂತ ನುಣುಪಾದ ಹಾಟ್ ಪ್ರೆಸ್ ಕಾಗದ ಒಳ್ಳೆಯದು, ತರಿತರಿ ನೆರಳು ಬರುವುದಿಲ್ಲ. ಬಿಳಿ ಸ್ವಚ್ಛ ಮಾಡುವ ಭರದಲ್ಲಿ ಎಸಳಿನ ಅಂಚಿನಲ್ಲಿ ಬಣ್ಣ ಒಣಗಿ ನಿಂತ ಆ ಗಾಢ ರೇಖೆಯನ್ನು ಕಳೆದುಕೊಳ್ಳಬೇಡಿ. ಇದು ಕೈಯಲ್ಲಿ ಮಾಡಿದ್ದು ಅಂತ ಹೇಳುವುದೇ ಆ ರೇಖೆ. ಅದು ಹೋದರೆ ಇಷ್ಟೆಲ್ಲ ಕಷ್ಟಪಟ್ಟದ್ದು ಯಾಕೆ, ಅಲ್ವಾ?

ಇನ್ನು ಗೆರೆಗಿಂತ ದೊಡ್ಡ ಕಾಟ. ಗೆರೆ ಒಂದಿಷ್ಟೂ ಇಲ್ಲದ ಪ್ಯಾಟರ್ನ್ ಕೂಡ ಟೈಲ್ ಟೈಲಾಗಿ ಕಾಣಬಹುದು.

ನಾನು ಒಮ್ಮೆ ಎಲೆಗಳ ಪ್ಯಾಟರ್ನ್ ಮಾಡಿದ್ದೆ. ಹಸಿರಿನಲ್ಲೇ ಏಳೆಂಟು ಬಗೆ, ತುಂಬಾ ಮುದ್ದಾಗಿತ್ತು. ಕೊನೆಗೆ ಸುಮ್ನೆ ಇರಲಾರದೆ ಒಂದು ಕೆಂಪು ಹಕ್ಕಿ ಕೂರಿಸಿದೆ. ಸ್ಕ್ರೀನಿನ ಮೇಲೆ ಒಂದು ಟೈಲಿನಲ್ಲಿ ಅದೇ ಜೀವ ತುಂಬಿದ ಹಾಗಿತ್ತು. ಎರಡು ಮೀಟರ್ ಬಟ್ಟೆಗೆ ಪ್ರಿಂಟ್ ಮಾಡಿಸಿ ಗೋಡೆಗೆ ತೂಗುಹಾಕಿ ಹಿಂದೆ ಸರಿದು ನೋಡಿದರೆ ಎಲೆಗಳೇ ಇಲ್ಲ! ಹಕ್ಕಿಗಳು ಮಾತ್ರ. ಸಾಲು ಸಾಲಾಗಿ, ಎಲ್ಲವೂ ಒಂದೇ ಕಡೆ ಕತ್ತು ತಿರುಗಿಸಿಕೊಂಡು, ಕವಾಯತಿಗೆ ನಿಂತ ಹಾಗೆ. ಮನೆಗೆ ಬಂದವರೊಬ್ಬರು 'ಎಷ್ಟು ಹಕ್ಕಿ ಇವೆ' ಅಂತ ಎಣಿಸಲು ಶುರು ಮಾಡಿದರು. ನೋಡುವವರು ಎಣಿಸಲು ಶುರು ಮಾಡಿದರೆ ಪ್ಯಾಟರ್ನ್ ಕೆಟ್ಟಿತು ಅಂತಲೇ ಅರ್ಥ.

ಅಂದಿನಿಂದ ಎದ್ದು ಕಾಣುವ ವಸ್ತು ಇದ್ದರೆ ಟೈಲಿಗೆ ಕಡಿಮೆ ಅಂದರೂ ಮೂರು ಇಡುತ್ತೇನೆ. ಮೂರಕ್ಕೂ ಭಂಗಿ ಬೇರೆ, ನಡುವಿನ ಅಂತರವೂ ಬೇರೆ ಬೇರೆ. ಇಲ್ಲವೇ ಒಂದನ್ನೂ ಇಡುವುದಿಲ್ಲ. ಜೊತೆಗೆ ಹಾಫ್ ಡ್ರಾಪ್ ಬಳಸಿ. ಅಂದರೆ ಪಕ್ಕದ ಕಂಬಸಾಲಿನ ಟೈಲ್ ಅರ್ಧ ಎತ್ತರದಷ್ಟು ಕೆಳಗೆ ಇಳಿಯುತ್ತದೆ. ಅಡ್ಡ ಸಾಲು ಮುರಿದುಹೋಗುವುದರಿಂದ ಕಣ್ಣಿಗೆ ಲೆಕ್ಕ ಸಿಗುವುದಿಲ್ಲ. ಪ್ರಿಂಟ್ ಮಾಡುವವರು ನೇರ ಟೈಲ್ ಮಾತ್ರ ತೆಗೆದುಕೊಂಡರೆ, ಎರಡು ಕಂಬಸಾಲು ಸೇರಿಸಿ ಎರಡರಷ್ಟು ಅಗಲದ ಒಂದೇ ಟೈಲ್ ಕೊಡಿ, ಫಲ ಅದೇ.

ಪರೀಕ್ಷೆಗೆ ನಾಲ್ಕಡ್ಡ ನಾಲ್ಕು, ಹದಿನಾರು ಟೈಲ್ ಹರಡಿ, ಶೇಕಡಾ 10ಕ್ಕೆ ಜೂಮ್ ಇಳಿಸಿ, ಕಪ್ಪು ಬಿಳುಪು ಮಾಡಿ, ಕಣ್ಣು ಕಿರಿದು ಮಾಡಿ ನೋಡಿ. ಆಗ ಎರಡು ವಿಷಯ ಹೊರಬೀಳುತ್ತವೆ: ಒಂದೇ ಕಡೆ ಗುಂಪು ಕಟ್ಟಿದ ಕಪ್ಪು, ಮತ್ತು ಓರೆಯಾಗಿ ಓಡುವ ಬಿಳಿ ಓಣಿಗಳು. ಓಣಿ ಕಂಡರೆ ದೊಡ್ಡ ಹೂವನ್ನು ಅಲ್ಲಿ ತುರುಕಬೇಡಿ. ಪಕ್ಕದ ಎಲೆಯೊಂದನ್ನು ತಿರುಗಿಸಿ ಅದರ ತುದಿ ಓಣಿಯೊಳಗೆ ಚಾಚುವ ಹಾಗೆ ಮಾಡಿದರೆ ಸಾಮಾನ್ಯವಾಗಿ ಸಾಕಾಗುತ್ತದೆ.

(ಆಸಕ್ತಿ ಇದ್ದರೆ ಮಾತ್ರ: ಸಮತಟ್ಟಾದ ಜಾಗದಲ್ಲಿ ಎರಡು ದಿಕ್ಕಿಗೂ ಮರುಕಳಿಸುವ ವಿನ್ಯಾಸಕ್ಕೆ ಇರುವ ಸಮ್ಮಿತಿಗಳು, ಅಂದರೆ ಸರಿಸಿದರೂ ತಿರುಗಿಸಿದರೂ ಕನ್ನಡಿ ಹಿಡಿದರೂ ಹಾಗೇ ಕಾಣುವ ರೀತಿಗಳು, ಒಟ್ಟು 17 ಬಗೆ ಮಾತ್ರ. ರಷ್ಯಾದ ಸ್ಫಟಿಕ ವಿಜ್ಞಾನಿ ಫ್ಯೋದರೊವ್ 1891ರಲ್ಲೇ ಇದನ್ನು ಸಾಬೀತು ಮಾಡಿದ. ನನ್ನ ಕೆಲಸ ಎರಡು ಮೂರರಲ್ಲೇ ಮುಗಿಯುತ್ತದೆ, ಹೆದರಬೇಡಿ.)

ಈಗ ಕಲೆಕ್ಷನ್. ನಿಮ್ಮ ಹತ್ತು ಪ್ಯಾಟರ್ನ್‌ಗಳ ವಿವರ ಓದಿದಾಗ ನನಗೆ ಅನ್ನಿಸಿದ್ದು ಇದು: ಹತ್ತೂ ಹೀರೋಗಳೇ. ಹತ್ತು ಜನ ಒಟ್ಟಿಗೇ ಮಾತಾಡಿದರೆ ಯಾರ ಮಾತೂ ಕೇಳಿಸುವುದಿಲ್ಲ. ಹತ್ತರ ಕಲೆಕ್ಷನ್‌ನಲ್ಲಿ ಹೀರೋ ಒಂದು, ಹೆಚ್ಚೆಂದರೆ ಎರಡು. ಮೂರು ನಾಲ್ಕು ಮಧ್ಯಮದವು, ಅದೇ ಹೂವಿನ ಮೊಗ್ಗು ಅಥವಾ ಬರೀ ಎಲೆ. ಉಳಿದ ನಾಲ್ಕೈದು ಬಾಯಿ ಮುಚ್ಚಿಕೊಂಡಿರುವವು: ಪಟ್ಟೆ, ಚುಕ್ಕಿ, ಚೌಕಳಿ. ಈ ಸುಮ್ಮನಿರುವ ಪ್ಯಾಟರ್ನ್‌ಗಳನ್ನು ಜನ ಕೊನೆಗೆ ಕಂಪ್ಯೂಟರಿನಲ್ಲಿ ಹತ್ತು ನಿಮಿಷದಲ್ಲಿ ಎಳೆದು ಕೈತೊಳೆದುಕೊಳ್ಳುತ್ತಾರೆ. ಕಲೆಕ್ಷನ್ ಕೆಡುವುದೇ ಅಲ್ಲಿ. ಹೀರೋ ಕೈಯಲ್ಲಿ ಬಿಡಿಸಿದ್ದು, ಪಟ್ಟೆ ಸ್ಕೇಲಿನಲ್ಲಿ ಎಳೆದ ಹಾಗೆ. ಹೊಂದುವುದಾದರೂ ಹೇಗೆ?

ನಾನು ಹೂವು ಬಿಡಿಸಿದ ಬ್ರಷ್ಷಿನಿಂದಲೇ ಪಟ್ಟೆ ಎಳೆಯುತ್ತೇನೆ. ಒಂದೇ ಉಸಿರಿನಲ್ಲಿ ಮೇಲಿನಿಂದ ಕೆಳಕ್ಕೆ, ಬಣ್ಣ ಮುಗಿಯುತ್ತಾ ಬಂದಾಗ ಬ್ರಷ್ಷಿನ ಕೂದಲು ಬಿಟ್ಟುಕೊಂಡು ಎಳೆ ಎಳೆಯಾಗುತ್ತದೆ. ಹಾಗೇ ಬಿಡುತ್ತೇನೆ. ಚುಕ್ಕಿಗಳು ಅದೇ ಬ್ರಷ್ಷಿನ ತುದಿ ಒತ್ತಿದವು, ಒಂದೂ ದುಂಡಗಿರುವುದಿಲ್ಲ. ಎಲೆಯ ನರಗಳನ್ನೇ ದೊಡ್ಡದು ಮಾಡಿದರೆ ಇನ್ನೊಂದು ಪ್ಯಾಟರ್ನ್. ಒಂದು ಕೈ, ಒಂದು ಬ್ರಷ್, ಒಂದು ಕಾಗದ, ಆದಷ್ಟೂ ಒಂದೇ ವಾರ. ಮೂರು ತಿಂಗಳು ಬಿಟ್ಟು ಬಿಡಿಸಿದ ಎಲೆ ಬೇರೆಯವರದ್ದೇ ಅನ್ನಿಸುತ್ತದೆ, ನಿಜವಾಗಿ.

ಹಾಗಾಗಿ ಟೈಲ್ ಬಿಡಿಸಲು ಕೂರಬೇಡಿ. ವಸ್ತುಗಳನ್ನು ಬಿಡಿಸಿ. ನಾಲ್ಕೈದು ಹಾಳೆಗಳಲ್ಲಿ ಒಂದು ಹೂವಿಗೆ ಐದಾರು ಕೋನ, ಮೊಗ್ಗು, ಬಾಡಿದ್ದು, ಬೆನ್ನು ತಿರುಗಿಸಿದ್ದು, ಬಿದ್ದ ಎಸಳು. ಜಾಸ್ತಿ ಬಿಡಿಸಿ, ಕಡಿಮೆ ಬಳಸಿ. ಶುರು ಮಾಡುವ ಮೊದಲು ಆರೇಳು ಬಣ್ಣ ಕಲಸಿ ಒಂದು ಚೀಟಿಯಲ್ಲಿ ಹಚ್ಚಿ, ನಂಬರ್ ಹಾಕಿ ಕಣ್ಣೆದುರು ಅಂಟಿಸಿಕೊಳ್ಳಿ. ಆ ಚೀಟಿಯಲ್ಲಿ ಇಲ್ಲದ ಬಣ್ಣ ಹಾಳೆಯ ಮೇಲೂ ಇರಬಾರದು. ಅಳತೆಯಲ್ಲಿ ಮಾತ್ರ ಧಾರಾಳವಾಗಿ ವ್ಯತ್ಯಾಸ ಇರಲಿ. ಹೀರೋ ಹೂವು 12 ಸೆಂಟಿಮೀಟರ್ ಇದ್ದರೆ ಮಧ್ಯಮದ್ದು 4, ಚುಕ್ಕಿ 1ಕ್ಕಿಂತ ಚಿಕ್ಕದು. ಸ್ಕ್ರೀನಿನಲ್ಲಿ ಅಳತೆ ಮೋಸ ಮಾಡುತ್ತದೆ, ಮಾಮೂಲಿ ಪ್ರಿಂಟರಿನಲ್ಲಿ ನಿಜವಾದ ಗಾತ್ರಕ್ಕೆ ಪ್ರಿಂಟ್ ತೆಗೆದು ಮೈಮೇಲೆ ಹಿಡಿದು ನೋಡಿ.

ಹಿನ್ನೆಲೆಯೂ ಎಲ್ಲದಕ್ಕೂ ಬಿಳಿ ಬೇಡ, ಒಂದೆರಡು ಗಾಢ ಇರಲಿ. ಆದರೆ ವಾಟರ್ ಕಲರ್ ಹೂವನ್ನು ಮಲ್ಟಿಪ್ಲೈ ಮೋಡಿನಲ್ಲಿ (ಮೇಲಿನ ಬಣ್ಣ ಕೆಳಗಿನದರ ಜೊತೆ ಬೆರೆತು ಗಾಢವಾಗುವ ಬಗೆ) ಕಡು ನೀಲಿಯ ಮೇಲಿಟ್ಟರೆ ಹೂವೇ ಮುಳುಗಿಹೋಗುತ್ತದೆ. ಅಲ್ಲಿ ಹೂವಿನ ಸುತ್ತ ನೀಟಾಗಿ ಕತ್ತರಿಸಿ ನಾರ್ಮಲ್ ಮೋಡಿನಲ್ಲಿ ಇಡಬೇಕು, ಇಲ್ಲವೇ ಆ ಪ್ಯಾಟರ್ನ್‌ಗೆ ಮೊದಲೇ ಗೌಷ್‌ನಲ್ಲಿ, ಅಂದರೆ ಕೆಳಗಿನದು ಕಾಣದ ಹಾಗೆ ಮುಚ್ಚುವ ನೀರಿನ ಬಣ್ಣದಲ್ಲಿ ಬಿಡಿಸಬೇಕು.

ಬಟ್ಟೆಗೆ ಅಂದಿದ್ದೀರಿ, ಹಾಗಾಗಿ ಇನ್ನೆರಡು. ಎಲ್ಲ ಹೂವೂ ಮೇಲಕ್ಕೇ ಮುಖ ಮಾಡಿದ್ದರೆ ಹೊಲಿಯುವವರು ತುಂಡುಗಳನ್ನು ತಲೆಕೆಳಗು ಇಟ್ಟು ಕತ್ತರಿಸಲು ಆಗುವುದಿಲ್ಲ, ಬಟ್ಟೆ ದಂಡ. ಕೆಲವು ಪ್ಯಾಟರ್ನ್‌ಗಳಾದರೂ ಎಲ್ಲ ದಿಕ್ಕಿಗೂ ಚೆಲ್ಲಿದ ಹಾಗಿರಲಿ. ಮತ್ತೆ, ಪ್ರಿಂಟ್ ಯಾವ ವಿಧಾನದಲ್ಲಿ ಅಂತ ಮೊದಲೇ ಕೇಳಿ. ರೋಟರಿ ಸ್ಕ್ರೀನ್ (ಉರುಳುವ ಸಿಲಿಂಡರಿನಿಂದ ಬಟ್ಟೆಗೆ ಬಣ್ಣ ಒತ್ತುವ ವಿಧಾನ) ಆದರೆ ಆ ಸಿಲಿಂಡರಿನ ಸುತ್ತಳತೆ ಸಾಮಾನ್ಯವಾಗಿ 64 ಸೆಂಟಿಮೀಟರ್. ಟೈಲಿನ ಎತ್ತರ ಅದನ್ನು ಸರಿಯಾಗಿ ಭಾಗಿಸಬೇಕು: 64, 32, 16 ಹೀಗೆ. ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್ ಬೇಕಾಗುವುದರಿಂದ ನಿಮ್ಮ ಕರಗಿದ ಬಣ್ಣಗಳಿಗೆ ಅದು ಕಷ್ಟ. ಡಿಜಿಟಲ್ ಪ್ರಿಂಟಿಗೆ ಈ ಎರಡು ಕಟ್ಟುಪಾಡೂ ಇಲ್ಲ.

ಮಾಡಿದ ಹತ್ತನ್ನು ಎಸೆಯಬೇಡಿ. ನಿಮಗೆ ತುಂಬಾ ಇಷ್ಟ ಅಂದಿರಲ್ಲ, ಆ ನೀಲಿ ಬಳ್ಳಿ, ಅದನ್ನೇ ಹೀರೋ ಮಾಡಿಕೊಂಡು ಅದರ ಬಣ್ಣಗಳಿಂದಲೇ ಚೀಟಿ ತಯಾರಿಸಿ. ಉಳಿದ ಒಂಬತ್ತರಿಂದ ಆ ಚೀಟಿಗೆ ಹೊಂದುವ ಎಲೆ, ಮೊಗ್ಗುಗಳನ್ನು ಮಾತ್ರ ಕತ್ತರಿಸಿ ತೆಗೆದಿಟ್ಟುಕೊಳ್ಳಿ. ಬಳ್ಳಿಯ ಕಾಂಡ ಬಲ ಅಂಚು ದಾಟಿ ಎಡಕ್ಕೆ ಬರುವ ಕಡೆ ದಪ್ಪ ಸರಿಹೊಂದುತ್ತಿಲ್ಲ ಅಂದಿದ್ದೀರಿ. ಅದನ್ನು ಗಂಟೆಗಟ್ಟಲೆ ತಿದ್ದಬೇಡಿ, ಟೈಲನ್ನು ಆಫ್‌ಸೆಟ್ ಮಾಡಿ, ಸರಿಯಾಗಿ ಆ ಜಾಗದ ಮೇಲೆ ಒಂದು ಎಲೆ ಇಟ್ಟುಬಿಡಿ.